ಲೋಡ್ ಗಾಡಿ ಘಟ್ಟ ಎಳೆಯುತ್ತಿಲ್ಲವೇ? ಪಂಪ್ ಇಳಿಸುವ ಮೊದಲು ಇಷ್ಟು ನೋಡಿ

ಅಂಕೋಲಾದಿಂದ ಯಲ್ಲಾಪುರದ ಕಡೆ ಲೋಡ್ ಹೊಡೆಯುವವರಿಗೆ ಅರಬೈಲ್ ಘಟ್ಟವೇ ಎಂಜಿನ್ನಿನ ಪರೀಕ್ಷೆ. ಕುಮಟಾ–ಶಿರಸಿ ದಾರಿಯಲ್ಲಾದರೆ ದೇವಿಮನೆ. ಕೆಳಗೆ ಹೈವೇಯಲ್ಲಿ ಚೆನ್ನಾಗಿಯೇ ಓಡಿದ ಗಾಡಿ ಯಾವಾಗಲೂ ಹತ್ತುವ ಏರಿನಲ್ಲಿ ಅದೇ ಲೋಡಿಗೆ ಇನ್ನೊಂದು ಗೇರ್ ಇಳಿಸು ಅಂದರೆ ಏನೋ ಶುರುವಾಗಿದೆ ಎಂದೇ ತಿಳಿಯಿರಿ. ಆಗ ತುಂಬಾ ಜನ ನೇರ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪ್, ನಾಜಲ್ ಇಳಿಸಲು ಹೋಗುತ್ತಾರೆ. ದಯವಿಟ್ಟು ಬೇಡ. ಅದು ಕೊನೆಯ ಕೆಲಸ, ಖರ್ಚೂ ಜಾಸ್ತಿ.

ತಪ್ಪು ಎಂಜಿನ್ನಿನದೇ ಹೌದಾ ಅಂತ ಮೊದಲು ನೋಡಿಕೊಳ್ಳಿ. ಆರ್‌ಪಿಎಂ ಏರುತ್ತದೆ, ಸ್ಪೀಡ್ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಒಂದೇ ಚಕ್ರದ ಡ್ರಮ್ ಉಳಿದವಕ್ಕಿಂತ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇನ್ನು, ಒಬ್ಬರನ್ನು ಕ್ಯಾಬಿನ್‌ನಲ್ಲಿ ಕೂರಿಸಿ ಎಂಜಿನ್ ಆಫ್ ಇಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಹಳೆಯ ಗಾಡಿಯಾದರೆ ಪಂಪಿನ ಲಿವರ್ ಸ್ಟಾಪರ್‌ಗೆ ತಾಗುತ್ತದಾ ನೋಡಿ. ಕೆಳಗೆ ಮಡಚಿಕೊಂಡ ಮ್ಯಾಟ್ ಪೆಡಲ್‌ಗೆ ಅಡ್ಡ ಬಂದರೂ ಸಾಕು, ಪವರ್ ಹೋಗುತ್ತದೆ. ಕಡಲ ಕಡೆಯ ಗಾಡಿಗಳಲ್ಲಿ ಹೊಗೆ ಪೈಪ್ ಮುಚ್ಚಿ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ಫ್ಲ್ಯಾಪನ್ನೂ ನೋಡಲೇಬೇಕು. ಉಪ್ಪು ಗಾಳಿಗೆ ತುಕ್ಕು ಹಿಡಿದು ಅದು ಅರ್ಧ ಮುಚ್ಚಿದಲ್ಲೇ ಕೂತಿದ್ದರೆ ಹೊಗೆ ಹೊರಗೆ ಹೋಗುವುದು ಹೇಗೆ?

ಇವೆಲ್ಲ ಸರಿ ಇದ್ದರೆ ಲೋಡಿನಲ್ಲಿ ಏರು ಹತ್ತುವಾಗ ಹೊಗೆ ನೋಡಿ. ನಿಲ್ಲಿಸಿಕೊಂಡು ರೇಸ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಹೊಗೆಯೇ ಇಲ್ಲದೆ ಗಾಡಿ ಸುಮ್ನೆ ಸೊರಗಿದರೆ ಡೀಸೆಲ್ಲೇ ಸಾಲುತ್ತಿಲ್ಲ. ಇದು ಹಳೆಯ ಗಾಡಿಗಳಿಗೆ ಹೇಳಿದ್ದು. ಹೊಸ ಮಾಲಿನ್ಯ ನಿಯಮದ ಬಿಎಸ್6 ಗಾಡಿಯಲ್ಲಿ ಮಸಿಯನ್ನು ಡಿಪಿಎಫ್ (ಹೊಗೆ ಪೈಪಿನಲ್ಲಿರುವ ಮಸಿ ಫಿಲ್ಟರ್) ಹಿಡಿದುಕೊಳ್ಳುವುದರಿಂದ ಹೊಗೆ ನಂಬಿ ಕೂರಬೇಡಿ.

ಗಾಳಿ ಸಾಲದಿದ್ದರೆ ಮೊದಲು ಏರ್ ಫಿಲ್ಟರ್. ಆಮೇಲೆ ಗಾಳಿ ಒತ್ತಿ ಕಳಿಸುವ ಟರ್ಬೊದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸುಗಳು. ಕ್ಲಿಪ್ಪಿನ ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದ ಕಪ್ಪು ಉಂಗುರ ಕಂಡರೆ ಗಾಳಿ ಅಲ್ಲಿಂದ ಸೋರುತ್ತಿರಬಹುದು. ಹೋಸಿನ ಸೀಳು ಮೇಲಿಂದ ಕಾಣುವುದಿಲ್ಲ, ಕೆಳಗಿನ ಬದಿಗೆ ಬೆರಳು ಆಡಿಸಿ ನೋಡಿ. ಟರ್ಬೊ ನೋಡಬೇಕೆಂದರೆ ಎಂಜಿನ್ ಆಫ್ ಮಾಡಿ, ಪೂರ್ತಿ ತಣಿದ ಮೇಲೆ ಪೈಪ್ ಬಿಚ್ಚಿ, ವೀಲ್ ಕೈಯಲ್ಲಿ ತಿರುಗಿಸಿ. ಪಕ್ಕಕ್ಕೆ ಚೂರು ಆಟ ಇರುತ್ತದೆ, ಅದಕ್ಕೆ ಹೆದರಬೇಡಿ. ಬ್ಲೇಡ್ ಗೋಡೆಗೆ ಉಜ್ಜುತ್ತಿದ್ದರೆ ಮಾತ್ರ ಟರ್ಬೊ ಕೆಲಸ.

ಡೀಸೆಲ್ ಸಾಲದ ಗಾಡಿಗೆ ಒಂದು ಲಕ್ಷಣ ಇದೆ. ಘಟ್ಟದ ಬುಡದಲ್ಲಿ ಚೆನ್ನಾಗಿ ಎಳೆಯುತ್ತದೆ, ಎರಡು ಮೂರು ತಿರುವು ದಾಟಿದ ಮೇಲೆ ನಿಧಾನಕ್ಕೆ ಸೋಲುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿ ಹೊರಟರೆ ಮತ್ತೆ ಸರಿಯಾಗಿ ಹೋಗಿ ಇನ್ನೊಂದು ಏರಿನಲ್ಲಿ ಮತ್ತೆ ಅದೇ ಕತೆ. ಹೀಗಿದ್ದರೆ ಡೀಸೆಲ್ ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ, ಟ್ಯಾಂಕಿಗೆ ಗಾಳಿ ಬಿಡುವ ಬ್ರೀದರ್ ಈ ಮೂರರಲ್ಲಿ ಒಂದು ಕಟ್ಟಿರಬಹುದು. ಗಾಡಿ ಸೋತ ಕೂಡಲೇ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಟ್ಯಾಂಕಿನ ಮುಚ್ಚಳ ತೆಗೆಯಿರಿ. ಒಳಗೆ ಗಾಳಿ ಎಳೆದುಕೊಂಡ ಸದ್ದು ಬಂತು ಅಂದರೆ ಬ್ರೀದರ್ ಕೆಂಪು ಮಣ್ಣಿನಿಂದ ಮುಚ್ಚಿದೆ.

ಮಳೆಗಾಲದಲ್ಲಿ ನಮ್ಮ ಕಡೆ ಡೀಸೆಲ್‌ನಲ್ಲಿ ನೀರು ಸೇರುವುದು ಮಾಮೂಲು. ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ಹನಿ ಕಟ್ಟುತ್ತದೆ, ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆ ನೀರೇ ಇಳಿಯುತ್ತದೆ. ವಾಟರ್ ಸೆಪರೇಟರ್‌ನ ಕೆಳಗಿನ ತಿರುಪು ಸಡಿಲಿಸಿ ಪಾರದರ್ಶಕ ಬಾಟಲಿಗೆ ಹಿಡಿಯಿರಿ, ಒಂದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಮಧ್ಯೆ ಗೆರೆ ಎಳೆದಂತೆ ಕಾಣುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್‌ವರೆಗಿನ ಲೈನಿನಲ್ಲಿ ಏರ್ ಹಿಡಿದರೂ ಪವರ್ ಹೋಗುತ್ತದೆ, ಆದರೆ ಹೊರಗೆ ಡೀಸೆಲ್ ತೊಟ್ಟಿಕ್ಕದೇ ಇರಬಹುದು, ಏಕೆಂದರೆ ಅಲ್ಲಿ ಪಂಪ್ ಎಳೆಯುತ್ತಿರುತ್ತದೆ. ಆ ಲೈನಿನಲ್ಲಿ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಸೇರಿಸಿ ಎಂಜಿನ್ ಓಡಿಸಿ. ಗುಳ್ಳೆ ಬರುತ್ತಲೇ ಇದ್ದರೆ ಅದರ ಹಿಂದಿನ ಜಾಯಿಂಟು, ವಾಷರು ಎಲ್ಲ ನೋಡಿ.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಯಾದರೆ ಸ್ಪಾನರ್ ಹಿಡಿಯುವ ಮೊದಲು ದೋಷ ಓದುವ ಸ್ಕ್ಯಾನರ್ ಹಾಕಿಸಿ. ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ಕೆಟ್ಟಿದ್ದರೂ, ಡಿಪಿಎಫ್ ತುಂಬಿದ್ದರೂ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ತಾನಾಗಿಯೇ ಪವರ್ ಇಳಿಸುತ್ತದೆ. ಯೂರಿಯಾ ದ್ರಾವಣ 32.5 ಶೇಕಡಾದ್ದೇ ಇರಬೇಕು, ಬಾವಿ ನೀರು ಬೆರೆಸಿ ಮಾಡಿದ್ದೆಲ್ಲ ಬೇಡವೇ ಬೇಡ. ಎಲ್ಲ ನಾಜಲ್ಲಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಓಡುವಾಗ ನಾಜಲ್ ಪೈಪಿನ ನಟ್ ಸಡಿಲಿಸಲೇಬೇಡಿ. ಒಳಗಿನ ಒತ್ತಡ 1,600 ಬಾರ್ ದಾಟಬಹುದು, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ನಟ್ ಸಡಿಲಿಸಿ ಸತ್ತ ಸಿಲಿಂಡರ್ ಹುಡುಕುವುದು ಹಳೆಯ ಇನ್‌ಲೈನ್ ಪಂಪಿನ ಗಾಡಿಗೆ ಮಾತ್ರ: ಐಡಲ್‌ನಲ್ಲಿ ಒಂದೊಂದೇ ಸಡಿಲಿಸಿ, ಯಾವುದಕ್ಕೆ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಕೆಲಸ ಮಾಡುತ್ತಿಲ್ಲ.

ಇಷ್ಟಾದರೂ ಕಾರಣ ಸಿಗದಿದ್ದರೆ ಟ್ಯಾಪೆಟ್ ಗ್ಯಾಪ್ (ವಾಲ್ವಿನ ಸಂದು) ನೋಡಿಸಿ, ಸಿಲಿಂಡರ್ ಒಳಗಿನ ಕಂಪ್ರೆಷನ್ ನೋಡಿಸಿ, ಆಮೇಲೆ ಪಂಪ್ ಮತ್ತು ನಾಜಲ್ ಬಿಚ್ಚಿಸಿ ಟೆಸ್ಟ್ ಬೆಂಚಿಗೆ ಕೊಡಿ. ಏನೇನು ನೋಡಿ ಆಗಿದೆ ಎಂದು ಮೇಸ್ತ್ರಿಗೆ ಬರೆದೇ ಕೊಡಿ.