ಹವಳದ ಟ್ಯಾಂಕ್‌ನ ನೀರು ಬದಲಿಸುವಾಗ ಎಡವಟ್ಟಾದರೆ

ಮನೆಯಲ್ಲಿ ಸಮುದ್ರದ ಹವಳ ಸಾಕುವವರಿಗೆ ನೀರು ಬದಲಿಸುವ ದಿನವೇ ಹೆಚ್ಚು ಎಚ್ಚರ ಬೇಕು. ಏನಾದರೂ ಕೆಟ್ಟರೆ ತಕ್ಷಣ ಸರಿಮಾಡಲು ಕೈ ಓಡುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಗಾಬರಿಯಲ್ಲಿ ಮಾಡುವ ರಿಪೇರಿ ಮೊದಲಿನ ತಪ್ಪಿಗಿಂತ ಜಾಸ್ತಿ ಹಾನಿ ಮಾಡಬಲ್ಲದು.

ಮೊದಲು ಕರೆಂಟ್ ನೋಡಿ. ನೀರು ಇಳಿದು ಹೀಟರ್ ಹೊರಗೆ ಕಾಣುತ್ತಿದ್ದರೆ ಸ್ವಿಚ್ ಆಫ್ ಮಾಡಿ, ತಣ್ಣಗಾಗಲು ಬಿಡಿ. ಬಿಸಿ ಗಾಜಿನ ಮೇಲೆ ನೀರು ಬಿದ್ದರೆ ಅದು ಸೀಳುತ್ತದೆ. ಸೀಳಿದ್ದರೆ ಪ್ಲಗ್ ಕಿತ್ತ ಮೇಲೆಯೇ ಟ್ಯಾಂಕಿಗೆ ಕೈ ಹಾಕಿ.

ಹವಳ ನೀರಿನಿಂದ ಹೊರಗೆ ಬಂದಿದೆಯೇ? ಹತ್ತು ನಿಮಿಷಕ್ಕೆ ಸಾಮಾನ್ಯವಾಗಿ ಏನೂ ಆಗದು. ಗುಜರಾತಿನ ನರಾರಾದಲ್ಲಿ ಇಳಿತದ ಹೊತ್ತಿಗೆ ಹವಳಗಳು ಗಾಳಿಗೆ ತೆರೆದುಕೊಂಡೇ ಇರುತ್ತವೆ. ಲೈಟ್ ಆರಿಸಿ, ನಿಧಾನವಾಗಿ ನೀರು ತುಂಬಿಸಿ.

ನಿಜವಾದ ತಲೆನೋವು ಉಪ್ಪಿನದು. 200 ಲೀಟರ್ ಟ್ಯಾಂಕಿನಿಂದ 40 ಲೀಟರ್ ತೆಗೆದು, ಉಪ್ಪು ಬೆರೆಸಿದ ಡ್ರಮ್ಮಿನ ಬದಲು ಪಕ್ಕದ ಸಾದಾ ಆರ್‌ಒ ನೀರು ಸುರಿದಿರಿ ಎನ್ನಿ. ನೀರಿನ ಉಪ್ಪು 35 ಪಿಪಿಟಿ (ಅಂದರೆ ಸಾವಿರ ಭಾಗದಲ್ಲಿ 35 ಭಾಗ) ಇದ್ದದ್ದು 28ಕ್ಕೆ ಇಳಿಯುತ್ತದೆ. ಆಗ ಟ್ಯಾಂಕಿಗೇ ಉಪ್ಪು ಸುರಿಯಲೇಬೇಡಿ. ಕರಗದ ಹರಳು ಬಿದ್ದ ಕಡೆ ಹವಳ ಸುಡುತ್ತದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಿಂದ ಸರಿಹೊಂದಿಸಿ, ಇನ್ನೊಮ್ಮೆ ಅಳೆಯಿರಿ. ಬೇರೆ ಬಕೆಟ್‌ನಲ್ಲಿ 45 ಪಿಪಿಟಿ ನೀರು ಮಾಡಿಕೊಳ್ಳಿ. ನೀರಿಗೆ ಉಪ್ಪು ಹಾಕಬೇಕು. ಉಪ್ಪಿಗೆ ನೀರು ಹಾಕಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಸೇರುತ್ತದೆ. ನೀರು ತಿಳಿಯಾಗಿ, ಟ್ಯಾಂಕಿನಷ್ಟೇ ಬೆಚ್ಚಗೆ, ಅಂದರೆ 25-26 ಡಿಗ್ರಿಗೆ ಬರಲಿ. ದಿನಕ್ಕೆ ಟ್ಯಾಂಕಿನ 20 ಲೀಟರ್ ತೆಗೆದು, ಅಷ್ಟೇ ಪ್ರಮಾಣದ ಈ ಉಪ್ಪುನೀರನ್ನು ಸಣ್ಣ ಪೈಪಿನಲ್ಲಿ ನಿಧಾನವಾಗಿ ಸಂಪ್‌ಗೆ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿಗೆ) ಬಿಡಿ. ಮೊದಲ ದಿನ 29.7ಕ್ಕೆ ಏರುತ್ತದೆ. ಹೀಗೆ ಐದು ದಿನದಲ್ಲಿ 35 ಮುಟ್ಟುತ್ತದೆ. ಅಲ್ಲಿಯವರೆಗೆ ಆವಿಯಾದಷ್ಟು ನೀರನ್ನು ಮಾತ್ರ ಸಾದಾ ಆರ್‌ಒ ನೀರಿನಿಂದ ತುಂಬಿಸಿ. ದಿನವೂ ಅಳೆಯುವುದು ಬಿಡಬೇಡಿ.

ತಡ ಮಾಡಬಾರದ ಎಡವಟ್ಟು ಎಂದರೆ ನಲ್ಲಿ ನೀರು. ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಟ್ಯಾಂಕ್ ಸೇರಿದರೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕವನ್ನು ಆಗಲೇ ಹಾಕಿ. ಸುರಿದ ನೀರಿಗಷ್ಟೇ ಅಲ್ಲ, ಇಡೀ ಟ್ಯಾಂಕಿನ ಲೆಕ್ಕಕ್ಕೆ. ಜೊತೆಗೆ ಫಿಲ್ಟರ್‌ನಲ್ಲಿ ಹೊಸ ಕಾರ್ಬನ್ (ನೀರು ಶುದ್ಧಿಮಾಡುವ ಇದ್ದಿಲು) ಇಡಿ, ಏರ್ ಪಂಪ್ ಜೋರಾಗಿ ಓಡಲಿ. ಕ್ಲೋರಿನ್ ನಿವಾರಕದ ಡಬ್ಬಿಯನ್ನು ಮೊದಲೇ ತಂದು ಮನೆಯಲ್ಲಿ ಇಟ್ಟುಕೊಂಡಿರಿ, ದಯವಿಟ್ಟು.

ಆಮೇಲೆ ಹವಳ ಮುದುಡಿಕೊಂಡರೆ ಹೆದರಬೇಡಿ, ಅರಳಲು ಒಂದೆರಡು ದಿನ ಬೇಕಾಗಬಹುದು. ಸೀಗಡಿ, ಬಸವನಹುಳುಗಳನ್ನು ನೋಡುತ್ತಿರಿ; ಮೊದಲು ಸೋಲುವುದು ಅವೇ. ಸತ್ತದ್ದನ್ನು ಕೂಡಲೇ ತೆಗೆಯಿರಿ. ಆ ದಿನ ಮೀನಿಗೆ ಊಟ ಬೇಡ. ಮರುದಿನ ಬೆಳಿಗ್ಗೆ ಅಮೋನಿಯಾ ಪರೀಕ್ಷಿಸಿ. ಸೊನ್ನೆ ಬಂದರೆ ಸ್ವಲ್ಪ ಸ್ವಲ್ಪವಾಗಿ ಊಟ ಶುರುಮಾಡಿ.