ಅಂಗಳದ ಕಟ್ಟಿಗೆಗೆ ಎಣ್ಣೆ ಹಚ್ಚುವ ಸುರಕ್ಷಿತ ಕ್ರಮ

ಕಲಬುರಗಿಯ ಮನೆಗಳ ಅಂಗಳದಲ್ಲಿರುವ ಜೋಕಾಲಿ, ಬೆಂಚು, ಮಲ್ಲಿಗೆ ಚಪ್ಪರದ ಕಂಬ, ಕಟ್ಟಿಗೆಯ ಗೇಟು ಎಲ್ಲವೂ ವರ್ಷಕ್ಕೆ ಎರಡು ಬಾರಿ ಪರೀಕ್ಷೆಗೆ ಒಳಗಾಗುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಮರದ ತೇವವನ್ನು ಹೀರಿ ಸೀಳು ಬಿಡಿಸುತ್ತದೆ. ಜೂನ್ ಬಂದಾಗ ಮಳೆನೀರು ಅದೇ ಸೀಳುಗಳಲ್ಲಿ ಇಳಿದು ಒಳಗಿನಿಂದ ಕೊಳೆಯಿಸುತ್ತದೆ. ಒಣಗುವ ಗುಣವುಳ್ಳ ಎಣ್ಣೆಯನ್ನು ಸರಿಯಾಗಿ ಹಚ್ಚಿದರೆ ಈ ಎರಡೂ ನಿಧಾನವಾಗುತ್ತವೆ. ಆದರೆ ಈ ಕೆಲಸದ ನಿಜವಾದ ಅಪಾಯ ಡಬ್ಬಿಯೊಳಗಿನ ಎಣ್ಣೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಕೆಲಸ ಮುಗಿದ ಮೇಲೆ ಮೂಲೆಗೆ ಎಸೆದ ಬಟ್ಟೆಯಲ್ಲಿರುತ್ತದೆ.

ಮೊದಲು ಎಣ್ಣೆಯ ಆಯ್ಕೆ. ನಮ್ಮ ಭಾಗದ ಹೊಲಗಳಲ್ಲಿ ಬೆಳೆಯುವ ಅಗಸೆಯ ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ ಹಾಗೆ ಗಟ್ಟಿಯಾಗದೆ ಮರದ ಮೇಲೆ ಅಂಟಂಟಾಗಿ ಉಳಿದು, ಧೂಳು ಹಿಡಿದು, ಕಮಟು ವಾಸನೆ ಬರುತ್ತದೆ. ಗಾಣದಿಂದ ತಂದ ಹಸಿ ಅಗಸೆ ಎಣ್ಣೆ ಒಣಗಲು ವಾರಗಳೇ ಬೇಕಾಗಬಹುದು. ಪೇಂಟ್ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಲಿನ್ಸೀಡ್ (ಅಂದರೆ ಅಗಸೆ) ಎಣ್ಣೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಒಣಗುತ್ತದೆ, ಏಕೆಂದರೆ ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಹಸಿ ಎಣ್ಣೆಯನ್ನು ಮನೆಯ ಒಲೆಯ ಮೇಲೆ ಕುದಿಸಿದರೆ ಈ ಗುಣ ಬರುವುದಿಲ್ಲ, ಬೆಂಕಿ ಮಾತ್ರ ಹತ್ತಬಹುದು; ಹಾಗೆಯೇ ಅಂಗಡಿಯ ಬಾಯ್ಲ್ಡ್ ಎಣ್ಣೆಯನ್ನು ಅಡುಗೆಮನೆಯ ಹತ್ತಿರಕ್ಕೂ ತರಬಾರದು. ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯೂ ಇದೆ. ಪುಕ್ಕಟೆ ಸಿಗುತ್ತದೆ ಎಂಬುದೊಂದೇ ಅದರ ಗುಣ. ಅದರಲ್ಲಿ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳೂ ಇರುತ್ತವೆ, ಮಳೆಗೆ ತೊಳೆದು ಮಣ್ಣಿಗೆ ಇಳಿಯುತ್ತವೆ. ಮಕ್ಕಳು ಕೂರುವ ಜೋಕಾಲಿಗಾಗಲಿ ಕೊತ್ತಂಬರಿ ಬಿತ್ತಿದ ಮಡಿಯ ಅಂಚಿನ ಹಲಗೆಗಾಗಲಿ ಅದನ್ನು ಬಳಸಲೇಬಾರದು.

ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣಹವೆಯೇ ಸೂಕ್ತ. ಬೇಸಿಗೆಯನ್ನು ಬಿಡಬೇಕೆನ್ನುವುದಕ್ಕೆ ಬಲವಾದ ಕಾರಣವೊಂದಿದೆ. ಎಣ್ಣೆಯನ್ನು ತೆಳುವಾಗಿಸಲು ಬೆರೆಸುವ ಟರ್ಪೆಂಟೈನ್‌ನ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಏಳಲು ಸಾಮಾನ್ಯವಾಗಿ 35ರಿಂದ 40 ಡಿಗ್ರಿ ಉಷ್ಣಾಂಶ ಸಾಕು, ಮತ್ತು ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ನೆರಳಿನಲ್ಲೇ ಅಷ್ಟು ಸೆಕೆ ಇರುತ್ತದೆ. ಹತ್ತಿರದಲ್ಲಿ ಯಾರಾದರೂ ಬೀಡಿ ಹಚ್ಚಿದರೂ, ನೀರು ಕಾಯಿಸುವ ಒಲೆ ಉರಿಯುತ್ತಿದ್ದರೂ, ವೆಲ್ಡಿಂಗ್ ನಡೆಯುತ್ತಿದ್ದರೂ ಅದು ಸಾಲುತ್ತದೆ. ಚಳಿಗಾಲದಲ್ಲಿಯೂ ಬಯಲಿನಲ್ಲಿಯೇ ಕೆಲಸ ಮಾಡಬೇಕು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಲ್ಲ. ಧೂಳಿಗೆ ಕಟ್ಟಿಕೊಳ್ಳುವ ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ.

ಮರ ಪೂರ್ತಿ ಒಣಗಿರಬೇಕು. ತೊಳೆದಿದ್ದರೆ ಕೆಲವು ದಿನ ನೆರಳಿನಲ್ಲಿ ಆರಬಿಟ್ಟು, ನಂತರ 120 ನಂಬರಿನ ಸ್ಯಾಂಡ್‌ಪೇಪರಿನಿಂದ ಎಳೆಯ ದಿಕ್ಕಿನಲ್ಲಿ ಉಜ್ಜಬೇಕು. ಹಳೆಯ ಪೇಂಟ್ ಇದ್ದರೆ ಒಣ ಉಜ್ಜುವಿಕೆ ಬೇಡ: ಮನೆಬಳಕೆಯ ಪೇಂಟಿನಲ್ಲಿ ಸೀಸದ ಪ್ರಮಾಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದಕ್ಕಿಂತ ಹಿಂದಿನ ಪದರದಲ್ಲಿ ಸೀಸ ಹೆಚ್ಚಿರಬಹುದು. ಅಂಥದ್ದನ್ನು ವಾಟರ್ ಪೇಪರಿನಿಂದ ಒದ್ದೆಯಾಗಿಯೇ ಉಜ್ಜಿ, ಬಂದ ಕೆಸರನ್ನು ಒರೆಸಿ ತೆಗೆದು, ಮತ್ತೆ ಆರಬಿಡಬೇಕು. ಸಾಗವಾನಿಯಲ್ಲಿ ಸಹಜವಾದ ಜಿಡ್ಡು ಇರುವುದರಿಂದ ಎಣ್ಣೆ ಹಚ್ಚುವ ಮುನ್ನ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ಒಮ್ಮೆ ಒರೆಸಬೇಕು. ಅಡಿಯಲ್ಲಿ ರಟ್ಟು ಹಾಸುವುದನ್ನು ಮರೆಯಬಾರದು. ಶಹಾಬಾದ್ ಫರಸಿಗೆ ಬಿದ್ದ ಎಣ್ಣೆಯ ಕಲೆ ಹೋಗುವುದು ಬಹಳ ಕಷ್ಟ.

ಮೊದಲ ಲೇಪಕ್ಕೆ ಎಣ್ಣೆ ಮತ್ತು ಟರ್ಪೆಂಟೈನ್ ಸಮ ಪ್ರಮಾಣದಲ್ಲಿರಲಿ, ಮುಂದಿನ ಲೇಪಗಳಿಗೆ ಎಣ್ಣೆಯೊಂದೇ ಸಾಕು. ತೆಳುವಾಗಿ ಹಚ್ಚಿ, 15–20 ನಿಮಿಷದ ನಂತರ ಮರ ಕುಡಿಯದೆ ಬಿಟ್ಟದ್ದನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಊರಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಕೊಯ್ದ ತುದಿಗಳು ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿಗೆ ಇನ್ನೊಂದು ಲೇಪ ಬೇಕು. ಎಣ್ಣೆ ಗೆದ್ದಲನ್ನು ತಡೆಯುವುದಿಲ್ಲ. ಎರೆಮಣ್ಣಿನಲ್ಲಿ ನೇರವಾಗಿ ಹೂತ ಕಂಬವನ್ನು ಎಷ್ಟು ಎಣ್ಣೆಯೂ ಉಳಿಸದು, ಅದನ್ನು ಮಣ್ಣಿನಿಂದ ಮೇಲೆತ್ತಿ ಕಲ್ಲಿನ ಮೇಲೆ ನಿಲ್ಲಿಸುವುದೇ ದಾರಿ.

ಇನ್ನು ಬಟ್ಟೆಯ ವಿಷಯ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬೀಳುತ್ತದೆ. ಹಲಗೆಯ ಮೇಲೆ ತೆಳುವಾಗಿ ಹರಡಿದಾಗ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿದ ಬಟ್ಟೆಯ ಒಳಮಡಿಕೆಗಳಲ್ಲಾದರೆ ಅದು ಹೋಗಲು ದಾರಿಯಿಲ್ಲದೆ ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆಯೇ ಕೆಲವು ಗಂಟೆಗಳಲ್ಲಿ ಬೆಂಕಿಯಾಗಬಲ್ಲದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1991ರ ಫೆಬ್ರುವರಿ 23ರಂದು 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡಕ್ಕೆ ಹತ್ತಿದ ಬೆಂಕಿ ಹೀಗೆ ಬಿಟ್ಟುಹೋದ ಲಿನ್ಸೀಡ್ ಎಣ್ಣೆಯ ಬಟ್ಟೆಗಳಿಂದಲೇ ಆರಂಭವಾಗಿ ಮೂವರು ಅಗ್ನಿಶಾಮಕ ಸಿಬ್ಬಂದಿಯ ಪ್ರಾಣ ತೆಗೆದುಕೊಂಡಿತು. ಅದು ಚಳಿಗಾಲದ ಮಾತು. ನಮ್ಮಲ್ಲಿ ತಗಡಿನ ಶೆಡ್ಡಿನೊಳಗೆ, ಮೊದಲೇ ಕಾದ ಗಾಳಿಯಲ್ಲಿ, ಆ ಮುದ್ದೆಗೆ ಬೇಕಾಗುವ ಹೊತ್ತು ಇನ್ನೂ ಕಡಿಮೆ. ಆದ್ದರಿಂದ ಪ್ರತಿಯೊಂದು ಬಟ್ಟೆಯನ್ನೂ ಬಿಡಿಸಿ, ಒಂದರ ಮೇಲೊಂದು ಬೀಳದಂತೆ, ಮನೆಯಿಂದ ದೂರದ ನೆರಳಿನಲ್ಲಿ ತಂತಿಯ ಮೇಲೆ ಹರವಬೇಕು. ಸೆಟೆದು ಗಟ್ಟಿಯಾದ ಮೇಲೆಯೇ ಕಸಕ್ಕೆ ಹಾಕಬೇಕು. ಹರವಲು ಜಾಗವಿಲ್ಲದವರು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಬಿಗಿಯಬಹುದು. ಒರೆಸಿದ ಕಾಗದ, ಎಣ್ಣೆ ಕುಡಿದ ರಟ್ಟು, ಉಜ್ಜಿದ ಮರದ ಪುಡಿ ಇವಕ್ಕೂ ಇದೇ ನಿಯಮ. ಕೆಲಸದ ಜಾಗದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಳ್ಳಬೇಕು. ಚೆಲ್ಲಿದ ಎಣ್ಣೆಗೋ ಟರ್ಪೆಂಟೈನ್‌ಗೋ ಬೆಂಕಿ ಹತ್ತಿದರೆ ನೀರು ಅದನ್ನು ಹರಡಿಸುತ್ತದೆ, ಮರಳು ಅಡಗಿಸುತ್ತದೆ. ಕೈಮೀರಿದರೆ 112ಕ್ಕೆ ಕರೆ ಮಾಡಬೇಕು.

ಉಳಿದದ್ದನ್ನು ನೀರಿನ ಬಾಟಲಿಗೆ ಸುರಿದಿಡುವುದು ಕೆಟ್ಟ ಅಭ್ಯಾಸ. ಮಗು ಟರ್ಪೆಂಟೈನ್ ಕುಡಿದರೆ ವಾಂತಿ ಮಾಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಎಣ್ಣೆ ಮೂಲ ಡಬ್ಬಿಯಲ್ಲೇ ಇರಲಿ, ಚರಂಡಿಗೆ ಸುರಿಯುವುದು ಬೇಡ. ಮುಂದಿನ ದೀಪಾವಳಿ ಕಳೆದ ಮೇಲೆ ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ: ಹನಿ ಮಣಿಯಂತೆ ನಿಂತರೆ ಆ ವರ್ಷ ಬಿಡಬಹುದು, ಇಂಗಿದರೆ ಮತ್ತೊಂದು ತೆಳು ಲೇಪಕ್ಕೆ ಹೊತ್ತಾಗಿದೆ.