ದೊರೆ ತೋಟದ ಮನೆತನ: ನಾನು ಹುಡುಕಿದ ದಾರಿ

ಸಕಲೇಶಪುರದ ಸುತ್ತಮುತ್ತ ಎಷ್ಟೋ ಹಳೇ ಕಾಫಿ ತೋಟಗಳಿಗೆ ಎರಡು ಹೆಸರು. ಕಾಗದದಲ್ಲಿ ಒಂದು, ಜನರ ಬಾಯಲ್ಲಿ ಇನ್ನೊಂದು. ನಮ್ಮ ತಾತ ರೈಟರಾಗಿದ್ದ, ಅಂದರೆ ಲೆಕ್ಕಪತ್ರ ಬರೆಯುತ್ತಿದ್ದ ತೋಟವನ್ನು ಊರಿನವರು ಇವತ್ತಿಗೂ ದೊರೆ ತೋಟ ಅಂತಲೇ ಕರೆಯುತ್ತಾರೆ. ದೊರೆ ಅಂದರೆ ಇಲ್ಲಿ ತೋಟದ ಬಿಳಿಯ ಯಜಮಾನ. ಯಾವ ದೊರೆ, ಎಲ್ಲಿಯವನು, ಅವನ ಹೆಂಡತಿ ಮಕ್ಕಳು ಏನಾದರು ಅಂತ ಕೇಳಿದರೆ ಹೇಳುವವರು ಯಾರೂ ಇರಲಿಲ್ಲ. ಅದನ್ನು ನಾನು ಹೇಗೆ ಪತ್ತೆ ಹಚ್ಚಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಮನೆತನದವರು ಈಗಲೂ ಇದ್ದಾರೆ. ಹಾಗಾಗಿ ಅವರ ಹೆಸರಾಗಲಿ ತೋಟದ ಹೆಸರಾಗಲಿ ಹೇಳುವುದಿಲ್ಲ.

ಮೊಟ್ಟಮೊದಲು ಬಂದ ದೊರೆಗಳ ಬಗ್ಗೆ ಗೆಜೆಟಿಯರ್‌ಗಳಲ್ಲೇ (ಸರ್ಕಾರ ತಂದ ಸೀಮೆಯ ವಿವರದ ಪುಸ್ತಕಗಳಲ್ಲೇ) ಬರೆದಿದ್ದಾರೆ. ಬಾಬಾಬುಡನ್‌ಗಿರಿಯ ದಕ್ಷಿಣದ ಬೆಟ್ಟದಲ್ಲಿ ತೋಟ ಮಾಡಿದ ಕ್ಯಾನನ್, 1843ರಲ್ಲಿ ಮಂಜರಾಬಾದಿಗೆ (ಸಕಲೇಶಪುರದ ಸೀಮೆಗೆ ಆಗಿದ್ದ ಹೆಸರು) ಬಂದ ಗ್ರೀನ್, 1854ರಲ್ಲಿ ಮಡಿಕೇರಿಯಲ್ಲಿ ಕಾಫಿ ಹಾಕಿದ ಫೌಲರ್, ಇವರೆಲ್ಲ ಅಲ್ಲಿ ಸಿಗುತ್ತಾರೆ. ನಮ್ಮ ದೊರೆ ಇವರಾದ ಮೇಲೆ, 1860ರ ದಶಕದಲ್ಲಿ, ಸಿಲೋನ್ (ಈಗಿನ ಶ್ರೀಲಂಕಾ) ಕಡೆಯಿಂದ ಬಂದವನು. ಅಂಥವರಿಗೆ ಗೆಜೆಟಿಯರ್‌ನಲ್ಲಿ ಒಂದು ಸಾಲೂ ಇಲ್ಲ. ಬೇರೆ ದಾರಿ ಹಿಡಿಯಲೇಬೇಕು.

ನಾನು ಶುರು ಮಾಡಿದ್ದು ಜಮೀನಿನಿಂದ. ಮನುಷ್ಯ ಊರು ಬಿಟ್ಟು ಹೋಗುತ್ತಾನೆ, ಸಾಯುತ್ತಾನೆ. ಜಮೀನು ಇಲ್ಲೇ ಇರುತ್ತದೆ, ಅದರ ಕಾಗದವೂ ಹೆಚ್ಚುಕಮ್ಮಿ ಇಲ್ಲೇ ಇರುತ್ತದೆ. ಈಗಿನ ಪಹಣಿಯಲ್ಲಿರುವ ಸರ್ವೆ ನಂಬರ್ ಹಿಡಿದು ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯದ ದಾಖಲೆ), ಹಳೇ ಮ್ಯುಟೇಷನ್ (ಖಾತೆ ಬದಲಾದ ದಾಖಲೆ) ಅಂತ ಹಿಂದಕ್ಕೆ ಹೋದೆ. ಅಲ್ಲಿಂದ ಸಬ್ ರಿಜಿಸ್ಟ್ರಾರ್ ಆಫೀಸು. ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕವನ್ನು, ಅದರ ಸೂಚಿಯನ್ನು, ಫೀಸು ಕಟ್ಟಿದರೆ ಯಾರು ಬೇಕಾದರೂ ನೋಡಬಹುದು. ಸೂಚಿಯೂ ಎರಡು ಥರ ಇದೆ. ಒಂದು ಹೆಸರಿನ ಮೇಲೆ, ಇನ್ನೊಂದು ಜಮೀನಿನ ಮೇಲೆ. ನನಗೆ ಹೆಸರೇ ಗೊತ್ತಿರಲಿಲ್ಲವಲ್ಲ, ಹಾಗಾಗಿ ಎರಡನೆಯದನ್ನು ಹಿಡಿದೆ.

ಸಿಕ್ಕಿದ್ದು 1936ರ ಒಂದು ಕ್ರಯಪತ್ರ. ಕ್ರಯಪತ್ರದಲ್ಲಿ ಎಲ್ಲರೂ ಬೆಲೆ ನೋಡುತ್ತಾರೆ. ಮನೆತನ ಹುಡುಕುವವರು ನೋಡಬೇಕಾದದ್ದು ಅದರ ಮೊದಲ ಪುಟ. ಈ ಸ್ವತ್ತು ಮಾರುವವರಿಗೆ ಹೇಗೆ ಬಂತು ಅನ್ನುವ ವಿವರ ಅಲ್ಲಿರುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತೀರಿಕೊಂಡ ಒಬ್ಬ ವಿಧವೆ, ಅವಳ ವಿಲ್ಲು ಜಾರಿ ಮಾಡುವ ಇಬ್ಬರು, ಅವರಿಂದ ಪವರ್ ಆಫ್ ಅಟಾರ್ನಿ ಪಡೆದ ಬೆಂಗಳೂರಿನ ಏಜೆಂಟ್, ಅವಳಿಗಿಂತ ಮುಂಚೆ ತೋಟ ಅವಳ ಗಂಡನದು, ಇಷ್ಟೂ ಒಂದೇ ಪುಟದಲ್ಲಿ ಬಂತು. ಕೊನೆಯಲ್ಲಿ ಚಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸರ್ಕಾರಿ ಕಾಡು, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ದೊರೆ ಗೋರಿ.

ಗೋರಿ ಲಂಟಾನದ ಪೊದೆಯೊಳಗಿತ್ತು. ಕಲ್ಲಿನ ಮೇಲಿನ ಅಕ್ಷರ ಓದಲು ಸೀಮೆಸುಣ್ಣ ಉಜ್ಜುವುದು, ಆಸಿಡ್ ಹಾಕಿ ತೊಳೆಯುವುದು ಮಾಡಲೇಬೇಡಿ, ಕಲ್ಲು ಹಾಳಾಗುತ್ತದೆ. ಮೆತ್ತಗಿನ ಬ್ರಷ್‌ನಲ್ಲಿ ಒಣ ಮಣ್ಣು ತೆಗೆದೆ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದೆ, ಸಾಲದ್ದಕ್ಕೆ ಪಕ್ಕದಿಂದ ಕನ್ನಡಿ ಹಿಡಿದೆ. ಅಕ್ಷರದ ಗೀರುಗಳಲ್ಲಿ ನೆರಳು ನಿಂತಿತು. ಹೆಸರು, ಸತ್ತ ವರ್ಷ 1891, ಹುಟ್ಟಿದ್ದು ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಒಂದು ಹಳ್ಳಿಯಲ್ಲಿ. ವಿದೇಶದಲ್ಲಿ ಸತ್ತವನ ಕಲ್ಲಿನ ಮೇಲೆ ಹುಟ್ಟೂರು ಕೆತ್ತಿದ್ದರೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಇನ್ನು ಚರ್ಚಿನ ದಾಖಲೆ. ಮೈಸೂರು ಸೀಮೆಯ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿಯ ನಕಲುಗಳನ್ನು ಮದ್ರಾಸಿಗೆ ಕಳಿಸುತ್ತಿದ್ದರು. ಅಲ್ಲಿಂದ ಅವು ಲಂಡನ್ನಿಗೆ ಹೋಗುತ್ತಿದ್ದವು. ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್/2 ಅನ್ನುವ ಸಾಲಿನಲ್ಲಿವೆ. ಹಾಗಾಗಿ ಹಾಸನದ ಕಡೆ ಹುಟ್ಟಿದ ಮಗುವನ್ನೂ ಮದ್ರಾಸ್ ಅಂತಲೇ ಹುಡುಕಬೇಕು. ವಂಶ ಹುಡುಕುವ ತಾಣವಾದ ಫೈಂಡ್‌ಮೈಪಾಸ್ಟ್‌ನಲ್ಲಿ ದುಡ್ಡು ಕೊಟ್ಟರೆ ಪುಟಗಳ ಚಿತ್ರವೇ ಸಿಗುತ್ತದೆ. ಫಿಬಿಸ್ ಅನ್ನುವ, ಬ್ರಿಟಿಷ್ ಇಂಡಿಯಾದ ಮನೆತನಗಳನ್ನು ಹುಡುಕುವ ಸಂಘದ ಸೂಚಿ ಮತ್ತು ಫ್ಯಾಮಿಲಿಸರ್ಚ್ ಅನ್ನುವ ತಾಣ ಎರಡೂ ಪುಕ್ಕಟೆ. ಊರಿನ ಹೆಸರು ಹೊಡೆಯುವಾಗ ಮಾತ್ರ ಹುಷಾರು. ಮಂಜರಾಬಾದ್ ಪಾದ್ರಿಗಳ ಕೈಯಲ್ಲಿ ಮುಂಜರಾಬಾದ್ ಆಗಿದೆ, ಸಕಲೇಶಪುರ ಸಕ್ಲಾಸ್‌ಪುರ್ ಆಗಿದೆ.

ಆ ಪುಟಗಳನ್ನು ಒಂದೊಂದು ಸಾಲಾಗಿ ನೋಡದೆ ಇಡೀ ಪುಟ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಲೆನಾಡಿನ ತೋಟಗಳಿಗೆ ಪಾದ್ರಿ ಬರುತ್ತಿದ್ದದ್ದು ಅಪರೂಪಕ್ಕೆ. ಬಂದಾಗ ಒಂದೇ ದಿನ ಸುತ್ತಲಿನ ಮೂರು ನಾಲ್ಕು ತೋಟದ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ ಹೋಗುತ್ತಿದ್ದರು. ಹುಟ್ಟಿದ ತಾರೀಕಿಗೂ ಸ್ನಾನದ ತಾರೀಕಿಗೂ ವರ್ಷಗಟ್ಟಲೆ ಅಂತರ ಇರುವುದು ಇದಕ್ಕೇ. ಮೇಲಿನ ಕೆಳಗಿನ ಸಾಲಿನಲ್ಲಿ ಸಿಗುವ ಹೆಸರುಗಳು ಪಕ್ಕದ ತೋಟದವರದ್ದು. ಮುಂದೆ ಮದುವೆಗೆ ಸಾಕ್ಷಿ ಹಾಕಿದವರೂ ಅವರೇ, ತೋಟ ಅಡವಿಟ್ಟಾಗ ಜಾಮೀನು ನಿಂತವರೂ ಅವರೇ.

ಅಡ ಇಡದೆ ಬದುಕಿದವರು ಕಡಿಮೆ. 1860ರ ದಶಕದ ಮಧ್ಯದಲ್ಲಿ ಕಾಫಿ ಗಿಡದ ಕಾಂಡಕೊರಕ ಹುಳ ಜೋರಾಯಿತು, 1869ರಲ್ಲಿ ಸಿಲೋನಿನಲ್ಲಿ ಕಂಡ ಎಲೆ ತುಕ್ಕು ರೋಗ ಬೇಗನೆ ನಮ್ಮ ಕಡೆಗೂ ಬಂತು. ತೋಟಗಳ ವಿವರ ಹಾಕಿ ವರ್ಷವರ್ಷ ಅಚ್ಚಾಗುತ್ತಿದ್ದ ಡೈರೆಕ್ಟರಿಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರೆ ತೋಟದ ಯಜಮಾನ ಯಾರು, ಮ್ಯಾನೇಜರ್ ಯಾರು ಅನ್ನುವುದು ಬದಲಾಗುತ್ತಾ ಹೋಗುವುದು ಕಾಣುತ್ತದೆ. ನಮ್ಮ ದೊರೆ ಕೆಲವು ವರ್ಷ ತನ್ನದೇ ತೋಟದಲ್ಲಿ ಮ್ಯಾನೇಜರ್ ಆಗಿದ್ದ.

ಸ್ಕಾಟ್ಲೆಂಡಿನ ಕಡೆಯ ಕೆಲಸ ಸಲೀಸು. 1855ರಿಂದ ಅಲ್ಲಿ ಸರ್ಕಾರಿ ನೋಂದಣಿ ಇದೆ. ಅಲ್ಲಿನ ಮರಣದ ದಾಖಲೆಯಲ್ಲಿ ಸತ್ತವರ ತಂದೆತಾಯಿಯ ಹೆಸರು, ತಾಯಿಯ ತವರಿನ ಹೆಸರೂ ಇರುತ್ತದೆ. ವಿಧವೆಯ ಒಂದು ಮರಣಪತ್ರದಿಂದ ಅವಳ ತವರುಮನೆಯೇ ಸಿಕ್ಕಿತು. ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ ಹುಡುಕಲು ದುಡ್ಡಿಲ್ಲ, ಪುಟ ತೆರೆಯಲು ಮಾತ್ರ ಕ್ರೆಡಿಟ್ ಕೊಳ್ಳಬೇಕು. ಅವರಲ್ಲೂ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿ ಇತ್ತು. ನಮ್ಮಲ್ಲೂ ಹಾಗೇ ಅಲ್ವಾ? ಒಂದೇ ಹೆಸರಿನ ನಾಲ್ಕು ಜನರಲ್ಲಿ ಯಾರು ಯಾರ ಮಗ ಅಂತ ಬಿಡಿಸಲು ಈ ರೂಢಿ ಬಹಳ ಉಪಯೋಗಕ್ಕೆ ಬಂತು. 1881ರ ಜನಗಣತಿಯಲ್ಲಿ ಅಬರ್ಡೀನಿನ ಅತ್ತೆಯ ಮನೆಯಲ್ಲಿ ಐದು ವರ್ಷದ ಹುಡುಗ ಸಿಕ್ಕಿದ, ಹುಟ್ಟಿದ ಜಾಗ ಮೈಸೂರು, ಇಂಡಿಯಾ. ಹಾಲುಹಲ್ಲು ಬೀಳುವ ಮುಂಚೆಯೇ ಹಡಗು ಹತ್ತಿಸಿದ್ದರು. ಅವನೇ ಮುಂದೆ ವಾಪಸ್ ಬಂದು ತೋಟ ನೋಡಿಕೊಂಡವನು. 1917ರಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ. ಅದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಪುಕ್ಕಟೆಯಾಗಿಯೇ ಸಿಕ್ಕಿತು. ವಿಧವೆ ತಾಯಿಯ ವಿಲ್ಲು ಜಾರಿ ಮಾಡುವವರು ತೋಟ ಮಾರಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ದೊರೆಯ ಸ್ವಂತ ವಿಲ್ಲು ಓದಿದ ಮೇಲೆ ನಿಲ್ಲಿಸುವ ಮನಸ್ಸಾಗಲಿಲ್ಲ. ಹೆಂಡತಿಗೆ ತೋಟ, ಮಕ್ಕಳಿಗೆ ಪಾಲು, ಅದೆಲ್ಲ ಆದ ಮೇಲೆ ಒಂದು ಸಾಲು ಇತ್ತು. ಬೆಂಗಳೂರಿನಲ್ಲಿ ರೈಲ್ವೆ ಕೆಲಸದಲ್ಲಿರುವ ಒಬ್ಬ ಯುವಕನಿಗೆ ವರ್ಷವರ್ಷ ಇಷ್ಟು ಹಣ. ಅವನು ಯಾರು ಅಂತ ಬರೆದಿಲ್ಲ. ಮತ್ತೆ ಮದ್ರಾಸ್ ಸೂಚಿಗೆ ಬಂದು ಆ ಹೆಸರು ಹುಡುಕಿದೆ. 1872ರಲ್ಲಿ ಅದೇ ತೋಟದ ವಿಳಾಸದಲ್ಲಿ ಆರು ವರ್ಷದ ಹುಡುಗನಿಗೆ ದೀಕ್ಷಾಸ್ನಾನವಾಗಿದೆ. ಅಪ್ಪನ ಜಾಗದಲ್ಲಿ ದೊರೆಯ ಹೆಸರು. ಅಮ್ಮನ ಜಾಗದಲ್ಲಿ ಹೆಸರಿಲ್ಲ. ಬರೆದದ್ದು ಇಷ್ಟೇ: ಈ ದೇಶದ ಹೆಂಗಸು.

ನನಗೆ ಆ ಸಾಲು ಓದಿ ತುಂಬಾ ಸಂಕಟವಾಯಿತು. ಮಗುವನ್ನು ಹೆತ್ತು ಆರು ವರ್ಷ ಸಾಕಿದವಳು. ನಮ್ಮ ಊರಿನವಳೋ, ಘಟ್ಟದ ಕೆಳಗಿನಿಂದ ಕೂಲಿಗೆ ಬಂದವಳೋ ಇರಬೇಕು. ತೋಟದ ಕುದುರೆಗೆ ಕೂಡ ಪತ್ರದಲ್ಲಿ ಹೆಸರಿದೆ, ಅವಳಿಗಿಲ್ಲ. ಹಳೇ ಪ್ಲಾಂಟರ್ ಮನೆತನಗಳ ವಂಶವೃಕ್ಷಗಳಲ್ಲಿ ಇಂಥ ಕೊಂಬೆಗಳನ್ನು ಕಡಿದೇ ಅಚ್ಚು ಮಾಡಿರುತ್ತಾರೆ. ಹುಡುಕುವವರು ಅದನ್ನೇ ನಂಬಿಕೊಂಡು ಹೋಗಬಾರದು. ವಿಲ್ಲಿನಲ್ಲಿ ಸಂಬಂಧ ಹೇಳದೆ ಹಣ ಬಿಟ್ಟಿರುವ ಹೆಸರುಗಳನ್ನು, ಮದುವೆಗಿಂತ ಮುಂಚಿನ ವರ್ಷಗಳ ದೀಕ್ಷಾಸ್ನಾನಗಳನ್ನು ನೋಡಲೇಬೇಕು. ರೈಲ್ವೆಯ ಹುಡುಗನ ಮದುವೆ ಬೆಂಗಳೂರಿನ ರಿಜಿಸ್ಟರಿನಲ್ಲಿ ಸಿಕ್ಕಿತು. ಮದುವೆಯ ಕಾಲಂನಲ್ಲಿ ಅಪ್ಪನ ಹೆಸರು ಬರೆಯಬೇಕಾದ್ದರಿಂದ ಅವನೇ ಇವನು ಅನ್ನುವುದು ಖಾತ್ರಿಯಾಯಿತು. ಅವನ ಮೊಮ್ಮಕ್ಕಳ ಕಾಲಕ್ಕೆ ಆ ಸಂಸಾರ ಆಸ್ಟ್ರೇಲಿಯಾಕ್ಕೆ ಹೋಯಿತು.

ಸ್ಕಾಟ್ಲೆಂಡಿನ ಕಡೆಯವರಿಗೆ ಕಾಗದ ಬರೆದಾಗ ಎರಡೂ ಕೊಂಬೆಗಳನ್ನು ಸೇರಿಸಿಯೇ ಕಳಿಸಿದೆ, ದಾಖಲೆಯ ಪುಟಗಳ ಪ್ರತಿ ಸಮೇತ. ಅವರು ತಮ್ಮ ಹತ್ತಿರವಿದ್ದ ಹಳೇ ಪತ್ರಗಳ ಫೋಟೋ ಕಳಿಸಿದರು. ಅದರಲ್ಲಿ ಬಟವಾಡೆಯ ಲೆಕ್ಕದ ಎರಡು ಹಾಳೆ ಇದೆ. ಮೇಸ್ತ್ರಿಗಳ ಹೆಸರು, ಆಳುಗಳ ಹೆಸರು, ದಿನದ ಕೂಲಿ. ಆ ಹಾಳೆಯಲ್ಲಿರುವ ಹೆಂಗಸರ ಹೆಸರುಗಳನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಇನ್ನು ಆ ದೀಕ್ಷಾಸ್ನಾನದ ದಾಖಲೆ. ಲಂಡನ್ನಿಗೆ ಹೋದದ್ದು ಅದರ ನಕಲು. ನಕಲು ಮಾಡುವಾಗ ಎಷ್ಟೋ ವಿವರ ಬಿಟ್ಟುಹೋಗಿರುತ್ತದೆ. ಪಾದ್ರಿ ತನ್ನ ಕೈಯಿಂದಲೇ ಬರೆದ ಮೂಲ ರಿಜಿಸ್ಟರು ಚರ್ಚಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಅದನ್ನು ನೋಡಲು ಈಗ ಅನುಮತಿ ಕೇಳಿದ್ದೇನೆ.